ನುಸಿಗೆ ಜಗ್ಗದ ತಳಿ: ಬೀಜದ ಪೊಟ್ಟಣದಲ್ಲಿ ಯಾಕೆ ಸಿಗುತ್ತಿಲ್ಲ?

ಹಾವೇರಿ, ಗದಗ ಕಡೆಯ ಬೀಜದ ಅಂಗಡಿಗಳಲ್ಲಿ ಮುಂಗಾರಿಗೆ ಮುಂಚೆ ಕೇಳಿಬರುವ ಪ್ರಶ್ನೆ ಒಂದೇ. "ಮುರಡಾ ಬರದಂಥಾ ಮೆಣಸಿನ ಬೀಜ ಐತೇನ್ರೀ?" ಅಂಗಡಿಯವರು ಒಂದು ಪೊಟ್ಟಣ ತೆಗೆದು ಮುಂದಿಡುತ್ತಾರೆ. ಅದರ ಮೇಲೆ ಎಲೆ ಮುದುಡು ರೋಗ ತಡೆದುಕೊಳ್ಳುತ್ತದೆ ಅನ್ನುವ ಅರ್ಥದ ಸಾಲು ಇರುತ್ತದೆ. ರೈತರು ಕೊಂಡು ಹೋಗುತ್ತಾರೆ. ಎರಡು ತಿಂಗಳಿಗೆ ಕುಡಿ ಮುದುಡಿಕೊಂಡರೆ ಬೀಜವೇ ಮೋಸ ಅಂತ ಜಗಳ. ಎಷ್ಟೋ ಸಲ ಅಲ್ಲಿ ಯಾರೂ ಸುಳ್ಳು ಹೇಳಿರುವುದಿಲ್ಲ. ಪೊಟ್ಟಣ ಹೇಳಿದ್ದು ವೈರಸ್ ಬಗ್ಗೆ, ಗಿಡ ಮುದುಡಿದ್ದು ಕಣ್ಣಿಗೆ ಕಾಣದಷ್ಟು ಸಣ್ಣ, ರಸ ಹೀರುವ ನುಸಿಯಿಂದ (ಇಂಗ್ಲಿಷಿನ ಮೈಟ್).

ಮೆಣಸಿನಕಾಯಿ ಗಿಡದ ಎಲೆ ಮುದುಡಲು ಮುಖ್ಯವಾಗಿ ಮೂರು ಕಾರಣಗಳಿವೆ. ಮೂರನ್ನೂ ಒಂದೇ ಹೆಸರಲ್ಲಿ ಕರೆಯುವುದು ರೂಢಿಯಾಗಿದೆ. ಥ್ರಿಪ್ಸ್ ಅನ್ನುವ ಸಣ್ಣ ಕೀಟ ಹೀರಿದರೆ ಎಲೆಯ ಅಂಚು ಮೇಲಕ್ಕೆ ಮಡಚಿಕೊಳ್ಳುತ್ತದೆ. ಹಳದಿ ನುಸಿ ಹೀರಿದರೆ ಅಂಚು ಕೆಳಕ್ಕೆ ಬಾಗಿ ಎಲೆ ಬೋರಲು ಹಾಕಿದ ದೋಣಿಯ ಹಾಗೆ ಆಗುತ್ತದೆ, ತೊಟ್ಟು ಉದ್ದವಾಗುತ್ತದೆ, ಎಲೆಯ ಅಡಿಭಾಗ ಕಂದು ಹೊಳಪಿಗೆ ತಿರುಗುತ್ತದೆ. ಬಿಳಿನೊಣ ಹರಡುವ ವೈರಸ್ ಬಂದರೆ ಎಲೆ ಸಣ್ಣದಾಗಿ, ಹಳದಿಯಾಗಿ, ಗೆಣ್ಣುಗಳು ಹತ್ತಿರವಾಗಿ, ಇಡೀ ಗಿಡ ಗಿಡ್ಡವಾಗಿ ನಿಂತುಬಿಡುತ್ತದೆ. ಹೊಲದಲ್ಲಿ ಇವು ಜೊತೆಜೊತೆಗೇ ಬರುತ್ತವೆ. ಆಗ ಯಾವುದರಿಂದ ಎಷ್ಟು ಹಾಳಾಯಿತು ಅಂತ ಬಿಡಿಸಿ ಹೇಳುವುದು ಪರಿಣತರಿಗೂ ಸುಲಭವಲ್ಲ.

ವೈರಸ್ ತಡೆಯುವ ತಳಿ ಮಾಡುವುದು ತಳಿ ತಜ್ಞರಿಗೆ ಗೊತ್ತಿರುವ ದಾರಿ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಟೊಮೆಟೊ ಹೈಬ್ರಿಡ್ ‘ಅರ್ಕಾ ರಕ್ಷಕ್’ ಎಲೆ ಮುದುಡು ವೈರಸ್, ದುಂಡಾಣು ಸೊರಗು ರೋಗ, ಮುಂಚಿನ ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ ಎಂದೇ ಹೆಸರು ಮಾಡಿತು. ಅದೇ ಸಂಸ್ಥೆ ಬೆಂಡೆಯ ಕಾಡು ಸಂಬಂಧಿಯೊಂದರ ಗುಣ ತಂದು ‘ಅರ್ಕಾ ಅನಾಮಿಕಾ’ ಮಾಡಿತು. ಹಳದಿ ನರ ರೋಗವನ್ನು ಅದು ಹಲವು ವರ್ಷ ತಡೆಯಿತು, ಆಮೇಲೆ ಸೋಲತೊಡಗಿತು. ಟೊಮೆಟೊದ ವೈರಸ್ ವಿಷಯದಲ್ಲಿ ಒಂದೆರಡು ಜೀನ್ ಸರಿಯಾಗಿ ಕೂಡಿಸಿದರೆ ಕೆಲಸ ಆಗುತ್ತದೆ. ನುಸಿಯ ವಿಷಯ ಹಾಗಿಲ್ಲ. ತರಕಾರಿಗಳಲ್ಲಿ ‘ಇದು ನುಸಿ ನಿರೋಧಕ’ ಅಂತ ಎದೆ ತಟ್ಟಿ ಮಾರುವ ತಳಿ ನಮ್ಮ ಮಾರುಕಟ್ಟೆಯಲ್ಲಿ ಹುಡುಕಿದರೂ ಕಷ್ಟ. ವಿಜ್ಞಾನಕ್ಕೆ ದಾರಿ ಗೊತ್ತಿಲ್ಲ ಅಂತಲ್ಲ. ನುಸಿ ತಡೆಯುವ ಗುಣ ಸಿಗುವುದೇ ಅರೆಬರೆಯಾಗಿ. ಅರೆಬರೆ ಗುಣಕ್ಕೆ ಬೆಲೆ ಕೊಡುವ ಹಾಗೆ ನಮ್ಮ ತಳಿ ಪರೀಕ್ಷೆಯೂ ಇಲ್ಲ, ಮಾರುಕಟ್ಟೆಯೂ ಇಲ್ಲ, ನಮ್ಮ ಸಿಂಪಡಣೆಯೂ ಇಲ್ಲ.

ಮೊದಲು ಶತ್ರುವನ್ನು ನೋಡೋಣ. ನುಸಿ ಕೀಟವಲ್ಲ. ಎಂಟು ಕಾಲಿನ, ಜೇಡ ಮತ್ತು ಉಣ್ಣಿಯ ಬಳಗ. ಮೆಣಸಿಗೆ ಬೀಳುವ ಹಳದಿ ನುಸಿಯ ಹೆಣ್ಣು ಸುಮಾರು 0.2 ಮಿಲಿಮೀಟರ್ ಉದ್ದ, ಬರಿಗಣ್ಣಿಗೆ ಇಲ್ಲ ಅಂತಲೇ ಲೆಕ್ಕ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಜೇಬಿನ ಭೂತಗನ್ನಡಿ ಇದ್ದರೆ ಕುಡಿಯ ಎಳೆ ಎಲೆ ಕಿತ್ತು ಅಡಿಭಾಗ ನೋಡಿ. ಚಪ್ಪಟೆ ಮೊಟ್ಟೆಗಳ ಮೈಮೇಲೆ ಬಿಳಿ ಗುಳ್ಳೆಗಳು ಸಾಲಾಗಿ ಕೂತಿರುತ್ತವೆ. ಬೇರೆ ಯಾವ ನುಸಿಯ ಮೊಟ್ಟೆಯೂ ಇಷ್ಟು ಸುಲಭವಾಗಿ ಗುರುತು ಸಿಗುವುದಿಲ್ಲ. ಇನ್ನೂ ಪೂರ್ತಿ ಬೆಳೆಯದ, ಅಲ್ಲಾಡದೆ ಬಿದ್ದಿರುವ ಹೆಣ್ಣನ್ನು ಗಂಡು ಬೆನ್ನಿನ ಹಿಂದೆ ಹೊತ್ತುಕೊಂಡು ಹೊಸ ಎಲೆಗೆ ಓಡುವುದೂ ಕಾಣಬಹುದು. ಬಿಳಿನೊಣದ ಕಾಲು ಹಿಡಿದು ಪಕ್ಕದ ಹೊಲಕ್ಕೆ ಪ್ರಯಾಣ ಮಾಡುವ ಅಭ್ಯಾಸವೂ ಇದಕ್ಕಿದೆ. ಬೆಚ್ಚಗಿನ, ತೇವದ ಹವೆಯಲ್ಲಿ ಮೊಟ್ಟೆಯಿಂದ ಮೊಟ್ಟೆ ಇಡುವ ಹೆಣ್ಣಾಗಲು ಒಂದು ವಾರವೂ ಬೇಡ.

ಇದು ಹೀರುವುದು ಹೆಚ್ಚಾಗಿ ಎಳೆ ಕುಡಿಯನ್ನು. ಇವತ್ತು ಹೀರಿಸಿಕೊಂಡ ಮೊಗ್ಗೆಲೆ ಬಿಚ್ಚಿ ದೊಡ್ಡದಾಗುವಾಗ ಮುದುಡುತ್ತದೆ, ಅಷ್ಟರಲ್ಲಿ ನುಸಿ ಮೇಲಿನ ಹೊಸ ಕುಡಿಗೆ ಹೋಗಿರುತ್ತದೆ. ಮುದುಡಿದ ಎಲೆ ತಿರುವಿ ನೋಡಿ ‘ಹುಳ ಏನೂ ಇಲ್ಲವಲ್ಲ’ ಅಂದುಕೊಳ್ಳುವುದು ಇದೇ ಕಾರಣಕ್ಕೆ.

ಟೊಮೆಟೊ, ಬದನೆ, ಬೆಂಡೆ, ಹುರುಳಿಕಾಯಿಗೆ ಬರುವುದು ಜೇಡ ನುಸಿ. ಇದರ ಹಂಗಾಮು ಬೇಸಿಗೆ. ಬಿಸಿ, ಒಣ ಹವೆ, ಧೂಳು ಇದ್ದಷ್ಟೂ ಇದಕ್ಕೆ ಹಬ್ಬ. ಎಲೆ ಮೇಲೆ ಸಣ್ಣ ಬಿಳಿ ಚುಕ್ಕಿಗಳಿಂದ ಶುರುವಾಗಿ, ಕೊನೆಗೆ ನೂಲಿನ ಬಲೆ ಕಟ್ಟಿ ಗಿಡವನ್ನೇ ಮುಚ್ಚುತ್ತದೆ. ಈ ಬಳಗದಲ್ಲಿ ಕುಖ್ಯಾತವಾದದ್ದು ಎರಡು ಚುಕ್ಕಿಯ ಜೇಡ ನುಸಿ. 1,000ಕ್ಕೂ ಹೆಚ್ಚು ಜಾತಿಯ ಗಿಡಗಳ ಮೇಲೆ ಬದುಕಬಲ್ಲದು, 90ಕ್ಕೂ ಹೆಚ್ಚು ರಾಸಾಯನಿಕಗಳಿಗೆ ಜಗತ್ತಿನ ಒಂದಲ್ಲ ಒಂದು ಕಡೆ ನಿರೋಧ ಬೆಳೆಸಿಕೊಂಡಿದೆ. ಇದರ ಮರಿ ಮಾಡುವ ರೀತಿಯೇ ವಿಚಿತ್ರ. ಗಂಡಿನ ಜೊತೆ ಕೂಡದ ಹೆಣ್ಣೂ ಮೊಟ್ಟೆ ಇಡುತ್ತದೆ, ಆ ಮೊಟ್ಟೆಗಳಿಂದ ಬರುವುದೆಲ್ಲ ಗಂಡು. ಗಂಡಿನಲ್ಲಿ ಪ್ರತಿ ಜೀನ್‌ನ ಒಂದೇ ನಕಲು ಇರುವುದರಿಂದ ವಿಷ ತಡೆಯುವ ಹೊಸ ಜೀನ್ ಮರೆಯಲ್ಲಿ ಉಳಿಯುವುದಿಲ್ಲ. ಬದುಕಿಸುವ ಜೀನ್ ಕೂಡಲೇ ಎದ್ದು ಬರುತ್ತದೆ, ಬೇಗ ಹರಡುತ್ತದೆ.

ಇಂಥ ಪ್ರಾಣಿಯ ಎದುರು ಗಿಡ ಏನು ಮಾಡಬಲ್ಲದು? ಮೂರು ದಾರಿಗಳಿವೆ. ಹತ್ತಿರ ಬಾರದ ಹಾಗೆ ಮಾಡಬಹುದು. ಬಂದವು ಬೆಳೆಯದ, ಮೊಟ್ಟೆ ಇಡದ ಹಾಗೆ ಮಾಡಬಹುದು. ಅಥವಾ ಹೀರಿಸಿಕೊಂಡೂ ಇಳುವರಿ ಬಿಟ್ಟುಕೊಡದೆ ನಿಲ್ಲಬಹುದು. ಕೊನೆಯದನ್ನು ಸಹಿಷ್ಣುತೆ ಅನ್ನುತ್ತಾರೆ. ‘ಈ ತಳಿಗೆ ನುಸಿ ಬರಲ್ಲ’ ಅಂತ ಹೇಳುವಾಗ ಮೂರರಲ್ಲಿ ಯಾವುದು ಅಂತ ಯಾರೂ ಹೇಳುವುದಿಲ್ಲ. ಆದರೆ ವ್ಯತ್ಯಾಸ ದೊಡ್ಡದು. ಸಹಿಷ್ಣು ತಳಿಯ ಹೊಲದಲ್ಲಿ ನುಸಿ ತುಂಬಿಕೊಂಡೇ ಇರುತ್ತದೆ, ಪಕ್ಕದ ಹೊಲಕ್ಕೂ ಹೋಗುತ್ತದೆ.

ಎರಡನೇ ದಾರಿಯ ಬೆಲೆ ಗೊತ್ತಾಗಬೇಕಾದರೆ ಒಂದು ಸಣ್ಣ ಲೆಕ್ಕ ಹಾಕಬೇಕು. ಅಂಕಿಗಳು ನಾನು ಉದಾಹರಣೆಗೆ ಹಾಕಿಕೊಂಡವು. ಒಂದು ತಳಿಯ ಮೇಲೆ ನುಸಿ ವಾರಕ್ಕೆ 8 ಪಟ್ಟಾಗುತ್ತದೆ, ಇನ್ನೊಂದರ ಮೇಲೆ 4 ಪಟ್ಟು ಅಂತಿಟ್ಟುಕೊಳ್ಳಿ. ಎರಡಕ್ಕೂ ಶುರುವಿನಲ್ಲಿ 10 ನುಸಿ. ಮೂರು ವಾರಕ್ಕೆ ಮೊದಲನೆಯದರಲ್ಲಿ 5,120, ಎರಡನೆಯದರಲ್ಲಿ 640. ಬೆಳೆಯುವ ವೇಗ ಅರ್ಧವಾಯಿತು, ನುಸಿಯ ಸಂಖ್ಯೆ ಎಂಟನೇ ಒಂದು ಭಾಗಕ್ಕೆ ಇಳಿಯಿತು. 640 ನುಸಿಯನ್ನು ಎಲೆ ಮೇಲಿರುವ ಪರಭಕ್ಷಕ ನುಸಿಗಳು ತಿಂದು ಹತೋಟಿಗೆ ತರಬಹುದು. 5,120 ಆದಮೇಲೆ ಸ್ಪ್ರೇಯರ್ ಹೆಗಲಿಗೇರಲೇಬೇಕು. ಆದರೆ ಇದೇ ಎರಡು ತಳಿಗಳನ್ನು ವಾರವಾರ ಔಷಧಿ ಹೊಡೆಯುವ ಹೊಲದಲ್ಲಿ ಬೆಳೆಸಿ ನೋಡಿ, ಎರಡೂ ಒಂದೇ ಥರ ಹಸಿರಾಗಿ ಕಾಣುತ್ತವೆ. ವ್ಯತ್ಯಾಸ ಔಷಧಿಯ ಅಡಿಯಲ್ಲಿ ಮುಚ್ಚಿಹೋಗುತ್ತದೆ.

ಗಿಡದ ರಕ್ಷಣೆಗೆ ನಾವು ತಿನ್ನುವವರೇ ಅಡ್ಡ ಬಂದ ಕತೆ ಬೇಕಾದರೆ ಸೌತೆಯನ್ನು ನೋಡಬೇಕು. ಸೌತೆ ಗಿಡದ ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ವಸ್ತು. ಕಹಿಯಿಲ್ಲದ ತಳಿಗಳಲ್ಲಿ ಒಂದು ಜೀನ್ ಕೆಟ್ಟಿರುವುದರಿಂದ ಗಿಡ ಆ ವಸ್ತುವನ್ನು ತಯಾರಿಸುವುದೇ ಇಲ್ಲ. 1971ರಲ್ಲಿ ಪ್ರಕಟವಾದ ಅಧ್ಯಯನವೊಂದು ತಮಾಷೆಯ ಸಂಗತಿ ತೋರಿಸಿತು. ಕಹಿ ಗಿಡಕ್ಕೆ ಜೇಡ ನುಸಿ ಅಷ್ಟಾಗಿ ಹತ್ತುವುದಿಲ್ಲ, ಆದರೆ ಅಮೆರಿಕದ ಸೌತೆ ದುಂಬಿಗಳು ಆ ಕಹಿಯನ್ನೇ ಹುಡುಕಿಕೊಂಡು ಬರುತ್ತವೆ. ಕಹಿ ತೆಗೆದರೆ ದುಂಬಿ ದೂರ, ನುಸಿ ಹತ್ತಿರ! ಒಂದೇ ಜೀನ್, ಎರಡು ಪೀಡೆಗಳಿಗೆ ಎರಡು ಉತ್ತರ. ಮುಂದೆ ನೆದರ್ಲ್ಯಾಂಡ್ಸ್‌ನ ಸಂಶೋಧಕರು ಗಾಜಿನ ಮನೆಯ ಸೌತೆಯಲ್ಲಿ ಕೆಲಸ ಮಾಡಿ, ನುಸಿ ತಡೆಯುವ ಗುಣ ಬರೀ ಕಹಿಯಿಂದಲ್ಲ, ಕಹಿಯಿಲ್ಲದೆಯೂ ಒಂದಷ್ಟು ತಡೆ ಸಾಧ್ಯ ಅಂತ ತೋರಿಸಿದರು. 2014ರಲ್ಲಿ ಚೀನಾದ ತಂಡ ಇನ್ನೂ ಒಳಕ್ಕೆ ಹೋಯಿತು. ಎಲೆಯ ಕಹಿಗೆ ಒಂದು ಸ್ವಿಚ್, ಕಾಯಿಯ ಕಹಿಗೆ ಬೇರೆ ಸ್ವಿಚ್ ಇದೆ ಎಂದು ಕಂಡುಹಿಡಿಯಿತು. ಅಂದರೆ ಎಲೆ ಕಹಿ, ಕಾಯಿ ಸಪ್ಪೆ ಇರುವ ಗಿಡ ಬೇಕೆಂದೇ ಮಾಡಬಹುದು. ಸೌತೆ ಬೆಳೆಯುವ ನಮ್ಮ ಪಾಲಿಹೌಸ್‌ಗಳಿಗೆ ಇದು ಬಹಳ ಉಪಯೋಗದ ಮಾತು, ಯಾಕೆಂದರೆ ಮಳೆ ತಾಕದ ಪಾಲಿಹೌಸ್ ಒಳಗೆ ಜೇಡ ನುಸಿಗೆ ವರ್ಷವಿಡೀ ಬೇಸಿಗೆ.

ಟೊಮೆಟೊ ಕತೆ ಕೂದಲಿನದು. ಟೊಮೆಟೊ ಗಿಡ ಮುಟ್ಟಿದರೆ ಕೈಗೆ ಹತ್ತುವ ಹಸಿರು ಅಂಟು, ಆ ವಾಸನೆ, ಎಲ್ಲ ಅದರ ಮೈಮೇಲಿನ ಗ್ರಂಥಿಯುಳ್ಳ ಸಣ್ಣ ಕೂದಲುಗಳದ್ದು. ದಕ್ಷಿಣ ಅಮೆರಿಕದ ಕಾಡು ಟೊಮೆಟೊಗಳಲ್ಲಿ ಈ ಕೂದಲು ಬಹಳ ದಟ್ಟ. ಕೆಲವದರಲ್ಲಿ ನುಸಿಗೆ ವಿಷವಾಗುವ ಎಣ್ಣೆಯಂಥ ವಸ್ತುಗಳಿವೆ. ಇನ್ನು ಕೆಲವದರ ಕೂದಲ ತುದಿಯಲ್ಲಿ ಸಕ್ಕರೆ ಮತ್ತು ಕೊಬ್ಬು ಸೇರಿದ ಅಂಟು ಒಸರುತ್ತದೆ. ನುಸಿ ನಡೆಯಲು ಹೋದರೆ ಕಾಲು ಹೂತುಕೊಂಡು ಅಲ್ಲೇ ಸಾಯುತ್ತದೆ. ನಾವು ಬೆಳೆಯುವ ಟೊಮೆಟೊದಲ್ಲಿ ಈ ಜಾತಿಯ ಕೂದಲು ಸಸಿ ಎಳೆಯದಾಗಿರುವಾಗ ಸ್ವಲ್ಪ ಇದ್ದು, ಗಿಡ ದೊಡ್ಡದಾಗುತ್ತಾ ಮಾಯವಾಗುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕಾಡು ಟೊಮೆಟೊದ ಅಂಟನ್ನು ಬೆಳೆಯ ಟೊಮೆಟೊಗೆ ತರುವ ಕೆಲಸ ದಶಕಗಳ ಕಾಲ ನಡೆದಿದೆ. ಸ್ಪೇನ್‌ನಲ್ಲೂ ಇನ್ನೊಂದು ಕಾಡು ಜಾತಿಯಿಂದ ಜೇಡ ನುಸಿ ಮತ್ತು ಬಿಳಿನೊಣ ಎರಡಕ್ಕೂ ತಡೆಯೊಡ್ಡುವ ತಳಿ ಸಾಲುಗಳನ್ನು (ಹೊಸ ತಳಿ ಮಾಡಲು ಬಳಸುವ ಗಿಡಗಳ ಪೀಳಿಗೆಗಳನ್ನು) ತಯಾರಿಸಿದ್ದಾರೆ. ಹಾಗಾದರೆ ಕೋಲಾರದ ಹೊಲಕ್ಕೆ ಯಾಕೆ ಬಂದಿಲ್ಲ? ಒಂದು, ಈ ಗುಣ ಹಲವು ಜೀನ್‌ಗಳ ಕೂಡು ಕೆಲಸ. ಹಿಡಿದು ತರುವಾಗ ಸಣ್ಣ ಕಾಯಿ, ಕಡಿಮೆ ಇಳುವರಿಯಂಥ ಕಾಡು ಗುಣಗಳೂ ಅಂಟಿಕೊಂಡು ಬರುತ್ತವೆ. ಎರಡು, ಅಂಟು ಮಿತ್ರರನ್ನೂ ಬಿಡುವುದಿಲ್ಲ. ಜೇಡ ನುಸಿಯನ್ನು ತಿನ್ನುವ ಪರಭಕ್ಷಕ ನುಸಿ ಟೊಮೆಟೊದ ಕಾಂಡದಲ್ಲಿ ಸಿಕ್ಕಿಹಾಕಿಕೊಂಡು ಸಾಯುವುದು ಗಾಜಿನ ಮನೆಯ ಬೆಳೆಗಾರರಿಗೆ ಹಳೆಯ ತಲೆನೋವು. ಮೂರು, ಟೊಮೆಟೊಗೇ ಬೀಳುವ ಇನ್ನೊಂದು ಅತಿಸಣ್ಣ ನುಸಿ ಈ ಕೂದಲುಗಳ ನಡುವೆ ನುಸುಳಿ, ಅವುಗಳನ್ನೇ ಹಾಳುಮಾಡುತ್ತದೆ.

ಕೂದಲಿದ್ದರೆ ಒಳ್ಳೆಯದು ಅನ್ನುವ ಮಾತೂ ಹಾಗೆಯೇ. ಬೆಂಡೆಯಲ್ಲಿ ಒರಟು ಕೂದಲು ಜಿಗಿಹುಳುವಿಗೆ ತೊಡಕು. ಆದರೆ ಗ್ರಂಥಿಯಿಲ್ಲದ ಕೂದಲು ಜೇಡ ನುಸಿಗೆ ಬಲೆ ಕಟ್ಟಲು ಆಸರೆಯೂ ಆಗಬಹುದು. ಒಂದು ಬೆಳೆಯ ಪಾಠ ಇನ್ನೊಂದಕ್ಕೆ ಸುಮ್ನೆ ಹೊಂದಿಸಲು ಬರುವುದಿಲ್ಲ. ಕುಲಾಂತರಿ ಬಿಟಿ ಬದನೆ ಬಂದಿದ್ದರೆ ಇದೆಲ್ಲ ಮುಗಿಯುತ್ತಿತ್ತು ಅನ್ನುವವರೂ ಇದ್ದಾರೆ. ಬಿಟಿ ಪ್ರೋಟೀನ್ ಕೆಲಸ ಮಾಡುವುದು ಕಾಯಿಕೊರಕ ಮರಿಹುಳದ ಮೇಲೆ, ನುಸಿಗೆ ಅದು ತಾಕುವುದೇ ಇಲ್ಲ. ಬಿಟಿ ಬದನೆಗೆ 2010ರಲ್ಲಿ ಸರ್ಕಾರ ಹಾಕಿದ ತಡೆಯ ಪರ ವಿರೋಧ ಏನೇ ಇರಲಿ, ನುಸಿಯನ್ನು ಆ ಚರ್ಚೆಗೆ ಎಳೆಯಬೇಕಾಗಿಲ್ಲ.

ಇನ್ನೊಂದು ಪ್ರಯೋಗದ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಸಂಶೋಧಕರು ಜೇಡ ನುಸಿಗಳನ್ನು ನುಸಿ ತಡೆಯುವ ಕಹಿ ಸೌತೆಯ ಮೇಲೆ ತಲೆಮಾರುಗಟ್ಟಲೆ ಸಾಕಿದರು. ನುಸಿಗಳು ಆ ಸೌತೆಗೆ ಒಗ್ಗಿಕೊಂಡವು. ಅದು ಊಹಿಸಿದ್ದೇ. 1982ರಲ್ಲಿ ಪ್ರಕಟವಾದ ಮುಂದಿನ ಭಾಗದಲ್ಲಿ, ಹೀಗೆ ಒಗ್ಗಿಕೊಂಡ ನುಸಿಗಳು ಕೆಲವು ಕೀಟನಾಶಕಗಳನ್ನೂ ಹೆಚ್ಚು ತಡೆದುಕೊಂಡವು. ಗಿಡದ ವಿಷವನ್ನು ಕರಗಿಸಲು ಕಲಿತ ದೇಹ ಅಂಗಡಿಯ ವಿಷವನ್ನೂ ಕರಗಿಸಿತು. ಹಾಗಾಗಿ ‘ಗಟ್ಟಿ ತಳಿ ಹಾಕೋಣ, ಜೊತೆಗೆ ಔಷಧಿಯನ್ನೂ ಮೊದಲಿನ ಹಾಗೇ ಹೊಡೆಯೋಣ’ ಅನ್ನುವ ಲೆಕ್ಕ ಸರಿ ಕೂರುವುದಿಲ್ಲ. ಗಟ್ಟಿ ತಳಿಯ ಲಾಭ ಬರುವುದು ಸಿಂಪಡಣೆ ಕಡಿಮೆಯಾದರೆ ಮಾತ್ರ.

ಈಗ ಬ್ಯಾಡಗಿಗೆ ಬರೋಣ. ಬ್ಯಾಡಗಿ ಡಬ್ಬಿ, ಕಡ್ಡಿ ತಳಿಗಳ ಹೆಸರು ಇರುವುದು ಬಣ್ಣಕ್ಕೆ. ಖಾರ ಕಡಿಮೆ, ಕೆಂಪು ಜಾಸ್ತಿ, ಸಿಪ್ಪೆ ಸುಕ್ಕು. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದೂ ಈ ಗುಣಗಳಿಗೆ. ಮಾರುಕಟ್ಟೆಯಲ್ಲಿ ದರ ನಿಲ್ಲುವುದು ಬಣ್ಣ, ಒಣಗಿದ ರೀತಿ, ಕಾಯಿಯ ರೂಪದ ಮೇಲೆ. ಆ ಕಾಯಿ ಬೆಳೆಯಲು ಎಷ್ಟು ಸಲ ಔಷಧಿ ಹೊಡೆದರು ಅನ್ನುವುದು ಟೆಂಡರ್ ಚೀಟಿಯಲ್ಲಿ ಇರುವುದಿಲ್ಲ. ಇಂಥ ಕಡೆ ಹೊಸ ತಳಿ ಮಾಡುವವರ ಪಟ್ಟಿಯಲ್ಲಿ ಬಣ್ಣ ಮೊದಲು, ಇಳುವರಿ ಎರಡನೆಯದು, ವೈರಸ್ ಆಮೇಲೆ. ನುಸಿಗೆ ಜಾಗ ಸಿಕ್ಕರೆ ಕೊನೆಯಲ್ಲಿ. ಕಂಪನಿಗಳನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಕೊಳ್ಳುವವರು ಕೇಳದ ಗುಣವನ್ನು ಯಾರೂ ಹತ್ತು ವರ್ಷ ಕೂತು ತುಂಬುವುದಿಲ್ಲ, ಅಲ್ವಾ?

ಸರ್ಕಾರಿ ಸಂಶೋಧನೆ ಈ ಜಾಗ ತುಂಬಬೇಕಿತ್ತು. ನುಸಿಗಳಿಗೆಂದೇ ದೇಶದಲ್ಲಿ ಒಂದು ಜಾಲ ಯೋಜನೆ ಇದೆ, ಅದರ ಮುಖ್ಯ ಕೇಂದ್ರ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲೇ. ನೂರಾರು ತಳಿ ಸಾಲುಗಳನ್ನು ನುಸಿಗೆ ಒಡ್ಡಿ ಅಂಕ ಹಾಕುವ ಕೆಲಸ ವಿಶ್ವವಿದ್ಯಾಲಯಗಳಲ್ಲಿ ನಡೆಯುತ್ತಲೇ ಇರುತ್ತದೆ. ತೊಂದರೆ ಅಂಕ ಹಾಕುವ ಕಡೆಯೂ ಇದೆ. ಮೆಣಸಿನಲ್ಲಿ ಎಲೆ ಮುದುಡಿದ್ದನ್ನು 0ಯಿಂದ 4ರ ಅಳತೆಯಲ್ಲಿ ಬರೆಯುವುದು ರೂಢಿ. ಮುದುಡಿದ್ದು ಥ್ರಿಪ್ಸ್‌ನಿಂದಲೋ ನುಸಿಯಿಂದಲೋ ಅಂತ ಬೇರೆ ಮಾಡದಿದ್ದರೆ, ಕಡಿಮೆ ಅಂಕ ಬಂದ ಗಿಡ ನುಸಿಯನ್ನು ತಡೆಯಿತೋ ಆ ವರ್ಷ ನುಸಿಯೇ ಬರಲಿಲ್ಲವೋ ಗೊತ್ತಾಗುವುದಿಲ್ಲ. ಗಿಡದಿಂದ ಗಿಡಕ್ಕೆ ನುಸಿ ಎಣಿಸುವುದು ಕಣ್ಣು ನೋಯಿಸುವ ಕೆಲಸ. ಆದರೂ ಅದಿಲ್ಲದೆ ಅರೆಬರೆ ಗುಣ ಕೈಗೆ ಸಿಗುವುದಿಲ್ಲ.

ಔಷಧಿಯ ಕಡೆ ಬಾಗಿಲು ಮುಚ್ಚುತ್ತಾ ಬರುತ್ತಿರುವುದರಿಂದ ಈ ಮಾತಿಗೆ ಈಗ ತುರ್ತು ಬಂದಿದೆ. ದಶಕಗಳ ಕಾಲ ನುಸಿಗೆ ರಾಮಬಾಣ ಎನಿಸಿದ್ದ ಡೈಕೋಫಾಲ್ ಅನ್ನು ಡಿಡಿಟಿಯಿಂದ ತಯಾರಿಸುತ್ತಿದ್ದರು. 2019ರಲ್ಲಿ ಅದು, ಬೇಗ ಕರಗದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿ ಸೇರಿತು. 2023ರಲ್ಲಿ ಭಾರತವೂ ನಿಷೇಧಿಸಿತು. ನುಸಿ ಕೊಲ್ಲುವ ಪ್ರೋಪಾರ್ಗೈಟ್, ಫೆನಾಜಾಕ್ವಿನ್, ಸ್ಪೈರೋಮೆಸಿಫೆನ್, ಅಬಾಮೆಕ್ಟಿನ್ ಇವೆ, ಗಂಧಕವೂ ಇದೆ. ಆದರೆ ರೈತರು ಹೊಡೆಯುವುದರಲ್ಲಿ ಬಹುಪಾಲು ನುಸಿಗೆ ಸಂಬಂಧವಿಲ್ಲದ ಔಷಧಿ. ರಸ ಹೀರುವ ಕೀಟಗಳಿಗೆ ಹೊಡೆಯುವ ಇಮಿಡಾಕ್ಲೋಪ್ರಿಡ್ ನುಸಿಯನ್ನು ಕೊಲ್ಲುವುದಿಲ್ಲ. ಅದನ್ನು ಹೊಡೆದ ಮೇಲೆ ಜೇಡ ನುಸಿ ಹೆಚ್ಚಾದದ್ದು ಕೆಲವು ಬೆಳೆಗಳಲ್ಲಿ ದಾಖಲಾಗಿದೆ. ಪೈರಿಥ್ರಾಯ್ಡ್ ಗುಂಪಿನ ಕೀಟನಾಶಕಗಳು ಪರಭಕ್ಷಕ ನುಸಿಯನ್ನು ಕೊಂದು ಬೆಳೆಯ ನುಸಿಗೆ ಮೈದಾನ ಬಿಟ್ಟುಕೊಡುತ್ತವೆ. 2021ರಲ್ಲಿ ಮೆಣಸಿನ ಹೂವಿಗೆ ಹೊಸ ಥ್ರಿಪ್ಸ್ ಮುಗಿಬಿದ್ದಾಗ ಆಂಧ್ರ, ತೆಲಂಗಾಣ, ಕರ್ನಾಟಕದಲ್ಲಿ ಸಿಕ್ಕಿದ್ದನ್ನೆಲ್ಲ ಬೆರೆಸಿ ಹೊಡೆದರು. ಅಂಥ ಹೊಲದಲ್ಲಿ ಯಾವ ತಳಿಯ ಗುಣವೂ ಕಾಣಿಸುವುದಿಲ್ಲ.

ಮಿತ್ರ ನುಸಿಗೆ ಮನೆ ಕೊಡುವ ತಳಿ ಅನ್ನುವ ದಾರಿ ನನಗೆ ಹೆಚ್ಚು ಹಿಡಿಸಿದ್ದು. ಆಫ್ರಿಕಾದ ಮರಗೆಣಸಿನಲ್ಲಿ ಇದು ಆಗಿದೆ. ದಕ್ಷಿಣ ಅಮೆರಿಕದಿಂದ 1971ರ ಸುಮಾರಿಗೆ ಉಗಾಂಡಕ್ಕೆ ಬಂದ ಹಸಿರು ನುಸಿ ಖಂಡದ ತುಂಬ ಹರಡಿತ್ತು. 1993ರಲ್ಲಿ ಬೆನಿನ್ ದೇಶದಲ್ಲಿ ಅದರ ಶತ್ರು ನುಸಿಯೊಂದನ್ನು ಬಿಟ್ಟರು. ಅದು ಹಗಲು ಗಿಡದ ಕುಡಿಯೊಳಗೆ ಅಡಗಿರುತ್ತದೆ, ರಾತ್ರಿ ಎಲೆಗಳಿಗೆ ಇಳಿದು ಬೇಟೆಯಾಡುತ್ತದೆ. ಕುಡಿಯಲ್ಲಿ ಕೂದಲಿರುವ ತಳಿಗಳ ಮೇಲೆ ಅದು ಚೆನ್ನಾಗಿ ನೆಲೆ ನಿಂತಿತು, ಬೋಳು ಕುಡಿಯ ತಳಿಗಳ ಮೇಲೆ ಅಷ್ಟು ನಿಲ್ಲಲಿಲ್ಲ. ನಮ್ಮ ದೊಣ್ಣೆಮೆಣಸಿನ ಎಲೆ ತಿರುವಿ ನೋಡಿದರೆ ನರಗಳು ಕವಲೊಡೆಯುವ ಮೂಲೆಯಲ್ಲಿ ಕೂದಲಿನ ಸಣ್ಣ ಗುಚ್ಛಗಳು ಕಾಣುತ್ತವೆ. ಪರಭಕ್ಷಕ ನುಸಿ ಅಡಗಿ ಮೊಟ್ಟೆ ಇಡುವುದು ಅಲ್ಲೇ. ವಿದೇಶದ ಗಾಜಿನ ಮನೆಗಳಲ್ಲಿ ಹಳದಿ ನುಸಿಯ ಮೇಲೆ ಬಿಡುವ ಪರಭಕ್ಷಕ ನುಸಿಗಳು ಈ ಗುಚ್ಛಗಳನ್ನೇ ಮನೆ ಮಾಡಿಕೊಳ್ಳುತ್ತವೆ. ಮೆಣಸಿನ ತಳಿ ಆಯ್ಕೆಯಲ್ಲಿ ಈ ಗುಚ್ಛಕ್ಕೂ ಒಂದು ಅಂಕ ಇಟ್ಟರೆ ಖರ್ಚೇನೂ ಹೆಚ್ಚಲ್ಲ, ಎಲೆ ತಿರುವಿ ನೋಡಿದರೆ ಸಾಕು.

ತಳಿ ಪ್ರಾತ್ಯಕ್ಷಿಕೆಗೆ ಕರೆದಾಗ ರೈತರು ಕಾಯಿಯ ಉದ್ದ, ಬಣ್ಣ ನೋಡಿ ಬರುತ್ತಾರೆ. ಅಲ್ಲಿ ಎರಡು ಪ್ರಶ್ನೆ ಕೇಳಬಹುದು. ಪೊಟ್ಟಣದ ಮೇಲಿನ ‘ಮುದುಡು ರೋಗ’ ವೈರಸ್ಸೋ ನುಸಿಯೋ? ಔಷಧಿ ಹೊಡೆಯದ ಸಾಲು ಎಲ್ಲಿದೆ? ಎರಡನೆಯದಕ್ಕೆ ಸಾಮಾನ್ಯವಾಗಿ ಉತ್ತರ ಇರುವುದಿಲ್ಲ, ಯಾಕೆಂದರೆ ಒಣಗಿದ ಸಾಲು ತೋರಿಸಿ ಬೀಜ ಮಾರುವುದು ಯಾರಿಗೂ ಬೇಡ. ರೈತ ಉತ್ಪಾದಕ ಸಂಘಗಳು ಇದನ್ನು ತಾವೇ ಮಾಡಬಹುದು. ಊರಲ್ಲಿ ಓಡುತ್ತಿರುವ ನಾಲ್ಕೈದು ತಳಿಗಳನ್ನು ಒಬ್ಬರ ಹೊಲದ ಮೂಲೆಯಲ್ಲಿ ಎರಡೆರಡು ಸಾಲು ಹಾಕಿ, ನುಸಿಗೆ ಮತ್ತು ಥ್ರಿಪ್ಸ್‌ಗೆ ಏನೂ ಹೊಡೆಯದೆ ಬಿಟ್ಟು, ವಾರಕ್ಕೊಮ್ಮೆ ಕುಡಿ ಎಲೆ ತಿರುವಿ ಬರೆದಿಡುವುದು. ಮೆಣಸಿಗೆ ಇದನ್ನು ಮಳೆಗಾಲದ ಮೋಡದ ದಿನಗಳಲ್ಲಿ ನೋಡಬೇಕು, ಬದನೆ ಟೊಮೆಟೊಗೆ ಮಾರ್ಚ್ ಏಪ್ರಿಲ್‌ನಲ್ಲಿ. ಹಂಗಾಮು ತಪ್ಪಿಸಿ ನೋಡಿದರೆ ಎಲ್ಲ ತಳಿಯೂ ನಿರೋಧಕವಾಗಿಯೇ ಕಾಣುತ್ತದೆ.